ಊಟ ಕಡಿಮೆ ಮಾಡಿದರೂ ತೂಕ ಯಾಕೆ ಇಳಿಯುತ್ತಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ತೂಕ ಇಳಿಸಬೇಕು ಅಂತ ಸಲಹೆ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ: ನಿನ್ನೆ ಏನೇನು ತಿಂದಿರಿ? ಹೆಚ್ಚಿನವರು ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಹೇಳಿ ನಿಲ್ಲಿಸುತ್ತಾರೆ. ಮಾತು ಮುಂದುವರಿದ ಹಾಗೆ ಉಳಿದದ್ದು ಒಂದೊಂದೇ ಹೊರಗೆ ಬರುತ್ತದೆ. ಹನ್ನೊಂದು ಗಂಟೆಯ ಟೀ, ಜೊತೆಗೆ ಎರಡು ಬಿಸ್ಕತ್ತು, ಮಗು ಬಿಟ್ಟ ಅರ್ಧ ದೋಸೆ, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಶೇಂಗಾ, ಸೀರಿಯಲ್ ನೋಡುತ್ತಾ ತಿಂದ ಮಿಕ್ಸ್‌ಚರ್. ಅವರು ಮುಚ್ಚಿಟ್ಟಿರುವುದಿಲ್ಲ. ತಟ್ಟೆ ಹಾಕಿಕೊಂಡು ಕೂತು ತಿಂದದ್ದು ಮಾತ್ರ ನಮಗೆ ನೆನಪಿರುತ್ತದೆ. ತೂಕ ಅಲುಗಾಡದೆ ನಿಲ್ಲುವುದು ಹೆಚ್ಚಾಗಿ ಈ ನೆನಪಿಗೆ ಬಾರದ ತಿನಿಸಿನಿಂದ. ಕೆಳಗಿನ ಪ್ರಶ್ನೆಗಳಲ್ಲಿ ಬಹಳಷ್ಟು ಇದರ ಸುತ್ತಲೇ ಇವೆ.

ನಾನು ಬೆಳಗಿನ ತಿಂಡಿ ಬಿಟ್ಟು ಎರಡು ತಿಂಗಳಾಯ್ತು. ಎರಡೇ ಹೊತ್ತು ಊಟ. ಆದರೂ ಒಂದು ಕೆಜಿಯೂ ಇಳಿದಿಲ್ಲ ಯಾಕೆ?

ತಿಂಡಿ ಬಿಟ್ಟ ಮಾತ್ರಕ್ಕೆ ತೂಕ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಇಡೀ ದಿನದಲ್ಲಿ ಒಟ್ಟು ಎಷ್ಟು ತಿಂದಿರಿ ಅನ್ನುವುದು ಮುಖ್ಯ. ಬೆಳಿಗ್ಗೆ ಮೂರು ಇಡ್ಲಿ ಬಿಟ್ಟವರು ಹನ್ನೊಂದು ಗಂಟೆಗೆ ಆಫೀಸಿನ ಹತ್ತಿರ ಬೋಂಡಾ ತಿನ್ನುತ್ತಾರೆ. ಮಧ್ಯಾಹ್ನ ಹಸಿವು ಕೆರಳಿರುತ್ತದೆ, ಅನ್ನ ಎರಡು ಸೌಟು ಜಾಸ್ತಿ ಬೀಳುತ್ತದೆ. ಸಂಜೆ ಐದಕ್ಕೆ ಮತ್ತೆ ಏನಾದರೂ ಬೇಕು ಅನಿಸುತ್ತದೆ. ಬೆಳಿಗ್ಗೆ ನಿಜವಾಗಿ ಹಸಿವಿಲ್ಲದವರು ತಿಂಡಿ ಬಿಟ್ಟರೆ ತಪ್ಪೇನಿಲ್ಲ. ಆದರೆ ಹಸಿವು ತಡೆದುಕೊಂಡು ಬಿಡುವವರಿಗೆ ಇದು ಹೊಂದುವುದು ಕಷ್ಟ.

ಒಂದು ಕೆಲಸ ಮಾಡಿ. ಮೂರು ದಿನ, ಅದರಲ್ಲಿ ಒಂದು ಭಾನುವಾರ ಇರಲಿ, ಬಾಯಿಗೆ ಹೋಗುವ ಪ್ರತಿಯೊಂದನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಚಕ್ಕುಲಿ ಆದರೂ ಸರಿ, ಪ್ರಸಾದದ ಉಂಡೆ ಆದರೂ ಸರಿ. ಯಾರಿಗೂ ತೋರಿಸಬೇಡಿ. ಮೂರನೇ ದಿನ ರಾತ್ರಿ ಕೂತು ಒಂದು ಸಲ ನೋಡಿಕೊಳ್ಳಿ. ಬದಲಾಯಿಸಬೇಕಾದ ಅಭ್ಯಾಸ ಯಾವುದು ಅಂತ ನನ್ನನ್ನು ಕೇಳುವ ಅಗತ್ಯವೇ ಬರಲಿಕ್ಕಿಲ್ಲ.

ಕಾಫಿ ಟೀ ಎಷ್ಟು ಕುಡಿಯಬಹುದು?

ಕಾಫಿ ಡಿಕಾಕ್ಷನ್‌ನಲ್ಲಿ, ಟೀ ಸೊಪ್ಪಿನಲ್ಲಿ ಹೇಳಿಕೊಳ್ಳುವಷ್ಟು ಕ್ಯಾಲೊರಿ ಇಲ್ಲ. ಅದರ ಜೊತೆ ಹೋಗುವ ಸಕ್ಕರೆ, ಹಾಲು, ಬಿಸ್ಕತ್ತಿನದ್ದೇ ವಿಚಾರ.

ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ, ಅಂದರೆ 20 ಕ್ಯಾಲೊರಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕುಡಿದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ ಇಡಿ ಅನ್ನುತ್ತದೆ. ಬರೀ ಟೀಯಲ್ಲೇ ಅದರ ಎರಡು ಪಟ್ಟು ಆಗಿಹೋಯಿತು. ಹಾಲಿನದ್ದು ಬೇರೆ. ಪ್ರತಿ ಲೋಟಕ್ಕೆ ನೂರು ಎಂ.ಎಲ್. ಹಾಲು ಅಂದುಕೊಂಡರೆ ಐದು ಲೋಟಕ್ಕೆ ಅರ್ಧ ಲೀಟರ್ ಹಾಲು.

ಇನ್ನು ಜೊತೆಗಿನ ಬಿಸ್ಕತ್ತು, ರಸ್ಕ್. ಜ್ವರ ಬಂದವರಿಗೆ ಕೊಡುವುದರಿಂದ ರಸ್ಕ್ ಅಂದರೆ ಹಗುರ ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದು ಮೈದಾ, ಸಕ್ಕರೆ, ಕೊಬ್ಬು ಸೇರಿಸಿ ಎರಡು ಸಲ ಬೇಯಿಸಿದ ಬ್ರೆಡ್ಡು. ನೀರಿನಂಶ ಹೋಗಿರುವುದರಿಂದ 100 ಗ್ರಾಂಗೆ 400 ಕ್ಯಾಲೊರಿ ದಾಟುತ್ತದೆ.

ಕಾಫಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೆಳಗಿನ ಕಾಫಿಯಲ್ಲಿ ಮನೆಯವರೆಲ್ಲ ಐದು ನಿಮಿಷ ಒಟ್ಟಿಗೆ ಕೂರುತ್ತಾರೆ, ಅದು ಹೋಗಬಾರದು. ಸಂಖ್ಯೆಯನ್ನು ಎರಡಕ್ಕೋ ಮೂರಕ್ಕೋ ಇಳಿಸಿ. ಹೊರಗೆ ಹೋದಾಗ ಬೈ-ಟು ಹೇಳಿ. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಕಡಿಮೆ ಮಾಡುತ್ತಾ ಬನ್ನಿ. ತಿಂಗಳೊಳಗೆ ನಾಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಹಳೆಯ ಸಿಹಿಯೇ ಜಾಸ್ತಿ ಅನಿಸುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕುತ್ತೇನೆ. ಬೆಳಿಗ್ಗೆ ಬಿಸಿ ನೀರಿಗೆ ಜೇನು, ನಿಂಬೆ ರಸ ಕೂಡ. ಸರಿ ಅಲ್ವಾ?

ತೂಕದ ಲೆಕ್ಕದಲ್ಲಿ ಇವುಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. 100 ಗ್ರಾಂ ಸಕ್ಕರೆಯಲ್ಲಿ ಹೆಚ್ಚುಕಮ್ಮಿ 400 ಕ್ಯಾಲೊರಿ, ಬೆಲ್ಲದಲ್ಲಿ 380ರ ಆಸುಪಾಸು, ಜೇನಿನಲ್ಲಿ 300ಕ್ಕೂ ಸ್ವಲ್ಪ ಜಾಸ್ತಿ. ಬೆಲ್ಲ ಒಳ್ಳೆಯದು ಅಂತ ಎರಡು ಚಮಚದ ಬದಲು ಮೂರು ಚಮಚ ಹಾಕಿದರೆ ಇದ್ದದ್ದಕ್ಕಿಂತ ಹೆಚ್ಚಾಯಿತು. ಜೇನು ಕೊಬ್ಬು ಕರಗಿಸುತ್ತದೆ ಅನ್ನುವುದು ನಿಜವಲ್ಲ. ಬಿಸಿ ನೀರು ಇಷ್ಟವಾದರೆ ಬರೀ ನಿಂಬೆ ರಸ ಹಿಂಡಿ ಕುಡಿಯಿರಿ.

ಸಕ್ಕರೆ ಬದಲಿಗೆ ಬರುವ ಸಿಹಿ ಮಾತ್ರೆಗಳನ್ನು ತೂಕ ಇಳಿಸುವ ಸಲುವಾಗಿ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಅವರು ತಮ್ಮ ಡಾಕ್ಟರನ್ನು ಕೇಳಿ ನಿರ್ಧರಿಸಬೇಕು.

ನಮ್ಮ ಮನೆಯಲ್ಲಿ ಕರಿದದ್ದು ಮಾಡುವುದೇ ಅಪರೂಪ. ಮತ್ತೆ ಎಣ್ಣೆ ಎಲ್ಲಿಂದ ಬರುತ್ತದೆ?

ಒಗ್ಗರಣೆಯಿಂದ. ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಅಡುಗೆಯಲ್ಲಿ ಕಣ್ಣಿಗೆ ಕಾಣದೆ ಜಾಸ್ತಿಯಾಗುವುದು ಇದೇ.

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4. ಹಾಗಾಗಿ ಒಂದು ದೊಡ್ಡ ಚಮಚ, ಅಂದರೆ 15 ಎಂ.ಎಲ್. ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ತೆಂಗಿನೆಣ್ಣೆ, ಗಾಣದ ಎಣ್ಣೆ, ಯಾವುದಾದರೂ ಇಷ್ಟೇ. ಆರೋಗ್ಯದ ದೃಷ್ಟಿಯಿಂದ ಎಣ್ಣೆ ಎಣ್ಣೆಗೆ ವ್ಯತ್ಯಾಸ ಇದೆ, ಕ್ಯಾಲೊರಿಯಲ್ಲಿ ಇಲ್ಲ.

ಈಗ ಒಂದು ಸಾಮಾನ್ಯ ದಿನ ನೋಡಿ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನಕ್ಕೆ ಎಣ್ಣೆ. ಚಟ್ನಿಗೆ ಒಗ್ಗರಣೆ. ಮಧ್ಯಾಹ್ನ ಪಲ್ಯಕ್ಕೆ ಒಂದು, ಸಾರಿಗೆ ಒಂದು ಒಗ್ಗರಣೆ. ರಾತ್ರಿ ಚಪಾತಿಯ ಹಿಟ್ಟಿಗೆ, ಬೇಯಿಸುವಾಗ, ಆಮೇಲೆ ಮೇಲೆ ಸವರಲು. ಇದರಲ್ಲಿ ಒಂದನ್ನೂ ಕರಿದ ತಿಂಡಿ ಅನ್ನಲು ಬರುವುದಿಲ್ಲ. ಆದರೆ ಎಣ್ಣೆಯನ್ನು ಪ್ಯಾಕೆಟ್ಟಿನಿಂದ ಅಥವಾ ಜಗ್ಗಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸ ಇದ್ದರೆ ಎಷ್ಟು ಬಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಳೆಯಲು ಸುಲಭದ ದಾರಿ ಇದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರಿಗೆ ಪೋಷಣಾ ಸಂಸ್ಥೆ ಸೂಚಿಸುವ ದಿನದ ಮಾದರಿ ಊಟದಲ್ಲಿರುವುದು ಸುಮಾರು 27 ಗ್ರಾಂ ಎಣ್ಣೆ, ತುಪ್ಪ ಬೆಣ್ಣೆ ಎಲ್ಲ ಸೇರಿ. ನಾಲ್ಕು ಜನ ದೊಡ್ಡವರಿರುವ ಮನೆಗೆ ಇದು ತಿಂಗಳಿಗೆ ಮೂರೂವರೆ ಲೀಟರ್ ಆಗುತ್ತದೆ. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ನೋಡಿ. ಐದು ಲೀಟರ್ ಎಣ್ಣೆ, ಮೇಲೆ ಅರ್ಧ ಕೆಜಿ ತುಪ್ಪ ಬರುತ್ತಿದ್ದರೆ ಉತ್ತರ ಅಲ್ಲೇ ಇದೆ. ಹೋಟೆಲಿನಲ್ಲಿ ತಿಂದದ್ದು ಇದಕ್ಕೆ ಸೇರಿಲ್ಲ.

ತಿಂಗಳ ಮೊದಲ ದಿನ ಎಷ್ಟು ಎಣ್ಣೆ ಅಂತ ನಿರ್ಧರಿಸಿ ಒಂದು ಡಬ್ಬಕ್ಕೆ ತುಂಬಿಡಿ. ಡಬ್ಬದ ಜೊತೆಗೆ ಒಂದು ಟೀ ಚಮಚ ಇರಲಿ. ಒಗ್ಗರಣೆಗೆ ಒಂದು ಟೀ ಚಮಚ ಸಾಕು, ಸಾಸಿವೆ ಸಿಡಿಯುತ್ತದೆ, ಇಂಗು ಕರಿಬೇವಿನ ಘಮ ಬರುತ್ತದೆ. ಮಂಡ್ಯ, ಮೈಸೂರು ಕಡೆಯ ಉಪ್ಸಾರಿಗೆ ಎಣ್ಣೆ ಬೇಕಾಗುವುದೇ ಬಹಳ ಕಡಿಮೆ, ಕಾಳು ಸೊಪ್ಪು ಹೊಟ್ಟೆ ತುಂಬ ಸಿಗುತ್ತದೆ. ವಾರಕ್ಕೆರಡು ಸಲ ಮಾಡಿ ನೋಡಿ. ತೆಂಗಿನಕಾಯಿ ತುರಿ ಮತ್ತು ಶೇಂಗಾ ಪುಡಿಯಲ್ಲೂ ಕೊಬ್ಬು ಚೆನ್ನಾಗಿಯೇ ಇರುತ್ತದೆ. ಅವು ಒಳ್ಳೆಯ ಆಹಾರ, ಆದರೆ ಲೆಕ್ಕದೊಳಗಿರಲಿ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 150 ಕ್ಯಾಲೊರಿ ಮೀರುತ್ತದೆ.

ಅನ್ನ ಬಿಟ್ಟು ಮುದ್ದೆ ಶುರು ಮಾಡಿದ್ದೇನೆ. ಚಪಾತಿ ಒಳ್ಳೆಯದಾ, ಜೋಳದ ರೊಟ್ಟಿ ಒಳ್ಳೆಯದಾ?

ಪೋಷಣಾ ಸಂಸ್ಥೆಯ 2017ರ ಆಹಾರ ಪೋಷಕಾಂಶಗಳ ಪಟ್ಟಿಯಂತೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, ಜೋಳದಲ್ಲಿ 335, ರಾಗಿಯಲ್ಲಿ 320. ಅಂತರ ನಾವು ಅಂದುಕೊಂಡಷ್ಟು ಇಲ್ಲ. ರಾಗಿಯ ಅನುಕೂಲ ಇರುವುದು ನಾರಿನಲ್ಲಿ. ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲದ ನಾರು ರಾಗಿಯಲ್ಲಿ 11 ಗ್ರಾಂ ಇದೆ. ಹೊಟ್ಟೆ ಬೇಗ ತುಂಬುತ್ತದೆ, ಮತ್ತೆ ಬೇಗ ಹಸಿಯುವುದಿಲ್ಲ. ಆದರೆ ಎರಡು ಮುದ್ದೆ ಉಂಡು, ಕೊನೆಗೆ ‘ಒಂಚೂರು’ ಅನ್ನ ಸಾರು, ಅದರ ಮೇಲೆ ಮಜ್ಜಿಗೆ ಅನ್ನ ಅಂದರೆ ಮುದ್ದೆ ಅನ್ನದ ಜಾಗಕ್ಕೆ ಬರಲಿಲ್ಲ, ಅನ್ನದ ಜೊತೆ ಸೇರಿಕೊಂಡಿತು.

ನಿಮ್ಮ ಊರಿನ ಊಟವನ್ನೇ ಉಣ್ಣಿ. ಅನ್ನವೂ ನಡೆಯುತ್ತದೆ. ತಟ್ಟೆಗೆ ಬಡಿಸುವ ಕ್ರಮ ಬದಲಾಯಿಸಿ ಸಾಕು. ನಮ್ಮಲ್ಲಿ ಅನ್ನದ ಗುಡ್ಡೆ, ಪಕ್ಕದಲ್ಲಿ ನಂಜಿಕೊಳ್ಳಲು ಪಲ್ಯ. ಅದನ್ನು ತಿರುಗಿಸಿ. ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಮೊಸರು, ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ಹುರುಳಿಕಾಳು, ಅಲಸಂದೆ, ಹೆಸರುಕಾಳಿನ ಮೊಳಕೆ, ಹೆಸರುಬೇಳೆ ಕೋಸಂಬರಿ ಇವೆಲ್ಲ ನಮ್ಮವೇ. ತೊಗರಿಬೇಳೆ ತಿಳಿಸಾರಿನಲ್ಲಿ ಬೇಳೆ ಎಷ್ಟಿದೆ ಅಂತ ಸೌಟು ಹಾಕಿ ನೋಡಿ. ತೀರಾ ತೆಳುವಾಗಿದ್ದರೆ ಅದನ್ನು ಪ್ರೋಟೀನ್ ಅಂತ ಎಣಿಸಬೇಡಿ.

ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆಯನ್ನು ತಾಯಂದಿರು ತಗ್ಗಿದ ದನಿಯಲ್ಲಿ ಕೇಳುತ್ತಾರೆ, ತಪ್ಪು ಮಾಡಿದವರಂತೆ. ಇದರಲ್ಲಿ ತಪ್ಪೇನೂ ಇಲ್ಲ. ಅನ್ನವನ್ನು ಎಸೆಯಬಾರದು ಅಂತ ಕಲಿತು ಬೆಳೆದವರು ನಾವು, ಅದು ಒಳ್ಳೆಯ ಪಾಠ. ಆದರೆ ಎಸೆಯದೆ ಇರಲು ನಿಮ್ಮ ಹೊಟ್ಟೆಯೇ ಜಾಗ ಆಗಬೇಕಿಲ್ಲ. ಮಗುವಿಗೆ ಮೊದಲ ಸಲ ಅರ್ಧದಷ್ಟೇ ಬಡಿಸಿ, ಬೇಕಾದರೆ ಮತ್ತೆ ಹಾಕಿ. ಪಾತ್ರೆಯಲ್ಲಿ ಉಳಿದದ್ದು ಫ್ರಿಜ್ಜಿಗೆ ಹೋಗಲಿ. ತಟ್ಟೆಯಲ್ಲಿ ಉಳಿದದ್ದು ಹಸುವಿಗೋ ನಾಯಿಗೋ ಗಿಡದ ಗೊಬ್ಬರಕ್ಕೋ ಹೋಗಲಿ. ಇನ್ನೂ ಒಂದು: ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನೆಲ್ಲ ಒಟ್ಟುಮಾಡಿ ನಿಂತುಕೊಂಡೇ ಉಣ್ಣುವ ಅಭ್ಯಾಸ ಬಿಡಿ. ನೀವೂ ತಟ್ಟೆ ಹಾಕಿಕೊಂಡು ಎಲ್ಲರ ಜೊತೆ ಕೂತು ಊಟ ಮಾಡಿ. ಮನೆಗೆಲ್ಲ ಬಡಿಸುವವರಿಗೆ ಅಷ್ಟು ಹಕ್ಕಿದೆ.

ಸಂಜೆ ಐದಾದರೆ ಸಾಕು, ಏನಾದರೂ ಖಾರ ಖಾರ ಬೇಕು ಅನಿಸುತ್ತದೆ.

ಮಧ್ಯಾಹ್ನದ ಊಟದಲ್ಲಿ ಬರೀ ಅನ್ನ ಸಾರು ಇದ್ದರೆ ಐದಕ್ಕೆ ಹಸಿವಾಗುವುದು ಸಹಜ. ಮೊದಲು ಆ ಊಟಕ್ಕೆ ಕಾಳು, ಮೊಸರು ಸೇರಿಸಿ. ಆಮೇಲೂ ಹಸಿವಾದರೆ ತಿನ್ನಿ. ತಿನ್ನಬಾರದು ಅಂತ ಹಟ ಹಿಡಿದರೆ ಏಳಕ್ಕೆ ಡಬ್ಬಿಯ ತಳ ಕಾಣುತ್ತದೆ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆ ರಸ ಹಾಕಿದ ಚುರುಮುರಿ ಒಳ್ಳೆಯದು, ಎಣ್ಣೆ ಸುರಿಯದಿದ್ದರೆ. ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಮೆಕ್ಕೆಜೋಳ, ಒಂದು ಲೋಟ ನೀರುಮಜ್ಜಿಗೆ. ಧಾರವಾಡದ ಕಡೆಯವರಿಗೆ ಗಿರ್ಮಿಟ್ ಜೊತೆ ಮಿರ್ಚಿ ಬೇಕೇ ಬೇಕು. ಗಿರ್ಮಿಟ್ ಇರಲಿ, ಮಿರ್ಚಿ ವಾರಕ್ಕೆ ಒಂದು ದಿನ ಇರಲಿ.

ನಿಪ್ಪಟ್ಟು, ಕೋಡುಬಳೆ, ಮಿಕ್ಸ್‌ಚರ್ ಡಬ್ಬಿಗಳನ್ನು ಟಿವಿ ಮುಂದೆ ತೆಗೆದುಕೊಂಡು ಕೂರಬೇಡಿ. ಸಣ್ಣ ಬಟ್ಟಲಿಗೆ ಹಾಕಿಕೊಂಡು ಡಬ್ಬಿಯನ್ನು ಮೇಲಿನ ಅಟ್ಟಣಿಗೆಯಲ್ಲಿಟ್ಟು ಬನ್ನಿ. ‘ಡಯಟ್ ಮಿಕ್ಸ್‌ಚರ್’ ಅಂತ ಬರೆದಿರುವ ಪೊಟ್ಟಣದ ಹಿಂಭಾಗ ಓದಿ ನೋಡಿ, ಅದರಲ್ಲೂ ಎಣ್ಣೆ ಎಷ್ಟಿದೆ ಅಂತ ಬರೆದಿರುತ್ತದೆ.

ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪೊತ್ತು ಎಲ್ಲ ಮಾಡುತ್ತೇನೆ. ಇಷ್ಟು ಉಪವಾಸ ಮಾಡಿದರೂ ತೂಕ ಹಾಗೇ ಇದೆ.

ವ್ರತ ಮಾಡುವುದು ಭಕ್ತಿಗೆ, ಅದನ್ನು ಹಾಗೇ ನಡೆಸಿಕೊಂಡು ಹೋಗಿ. ತೂಕದ ಮಾತು ಬಂದರೆ ಆ ದಿನ ಏನು ತಿನ್ನುತ್ತೀರಿ ಅಂತ ನೋಡಬೇಕು. ಸಬ್ಬಕ್ಕಿ ಹೆಚ್ಚುಕಮ್ಮಿ ಪೂರ್ತಿ ಪಿಷ್ಟ, ಅದರ ಖಿಚಡಿಗೆ ಶೇಂಗಾ ಪುಡಿ, ತುಪ್ಪ ಬೀಳುತ್ತದೆ. ಅವಲಕ್ಕಿ ಅಂದರೆ ಅಕ್ಕಿಯೇ. ಒಪ್ಪೊತ್ತಿನ ದಿನ ರಾತ್ರಿ ಅನ್ನದ ಬದಲು ನಾಲ್ಕು ದೋಸೆ ತಿಂದರೆ ಅನ್ನಕ್ಕಿಂತ ಜಾಸ್ತಿಯೇ ಆಗುತ್ತದೆ. ಸಂಕಷ್ಟಿಯ ದಿನ ಚಂದ್ರೋದಯದ ತನಕ ಏನೂ ತಿನ್ನದೆ ರಾತ್ರಿ ಹತ್ತರ ಹೊತ್ತಿಗೆ ಕಡುಬು, ಪಾಯಸದ ಊಟ ಮಾಡಿ ಮಲಗುವವರೂ ಇದ್ದಾರೆ. ಹಣ್ಣು, ಹಾಲು, ಮಜ್ಜಿಗೆ, ನೆನೆಸಿದ ಹೆಸರುಬೇಳೆಯಲ್ಲಿ ವ್ರತ ಮಾಡಲು ನಿಮ್ಮ ಮನೆಯ ಪದ್ಧತಿ ಒಪ್ಪುವುದಾದರೆ ಹಾಗೆ ಮಾಡಿ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ಒಮ್ಮೆಲೇ ಇಳಿದರೆ ಜೀವಕ್ಕೇ ಅಪಾಯ.

ದಿನಾ ಅರ್ಧ ಗಂಟೆ ವಾಕಿಂಗ್ ಮಾಡುತ್ತೇನಲ್ಲ?

ಬಹಳ ಒಳ್ಳೆಯದು, ನಿಲ್ಲಿಸಬೇಡಿ. ಹೃದಯಕ್ಕೆ, ಸಕ್ಕರೆಗೆ, ನಿದ್ರೆಗೆ, ಮನಸ್ಸಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ 65–70 ಕೆಜಿ ತೂಗುವವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಅಂದಾಜು 120ರಿಂದ 150 ಕ್ಯಾಲೊರಿ. ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯಲ್ಲೋ ಒಂದು ಸುತ್ತು ಹಾಕಿ, ಸ್ನೇಹಿತರ ಜೊತೆ ಹತ್ತಿರದ ದರ್ಶಿನಿಗೆ ಹೋಗಿ ಒಂದು ವಡೆ, ಒಂದು ಕಾಫಿ ತೆಗೆದುಕೊಂಡರೆ ಅದು ಅಲ್ಲಿಗಲ್ಲಿಗೆ ಸರಿಹೋಯಿತು. ಬೆಣ್ಣೆ ದೋಸೆ ಆದರೆ ಇನ್ನೂ ಬಾಕಿ ಉಳಿಯಿತು, ಒಂದು ದೊಡ್ಡ ಚಮಚ ಬೆಣ್ಣೆಯೇ 100 ಕ್ಯಾಲೊರಿ.

ಉಳಿದ ಹದಿನೈದು ಗಂಟೆ ಕೂತೇ ಇರುತ್ತೀರಾ ಅನ್ನುವುದನ್ನೂ ನೋಡಿಕೊಳ್ಳಿ. ಮೊದಲು ನೀರು ಸೇದುವುದು, ಬಟ್ಟೆ ಒಗೆಯುವುದು, ಸಂತೆಗೆ ನಡೆದು ಹೋಗುವುದು ಎಲ್ಲ ಇತ್ತು. ಈಗ ಹಾಲು ಕೂಡ ಬಾಗಿಲಿಗೆ ಬರುತ್ತದೆ. ಗಂಟೆಗೊಮ್ಮೆ ಎದ್ದು ಓಡಾಡಿ. ಫೋನಿನಲ್ಲಿ ಮಾತಾಡುವಾಗ ನಡೆಯುತ್ತಾ ಮಾತಾಡಿ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಇರಲಿ, ಬಸ್ಕಿ ಹೊಡೆದರೂ ಆಗುತ್ತದೆ.

ರಾತ್ರಿ ಎಂಟರ ಮೇಲೆ ಊಟ ಮಾಡಿದರೆ ಎಲ್ಲ ಕೊಬ್ಬಾಗುತ್ತದಂತೆ, ನಿಜವಾ?

ಗಡಿಯಾರ ನೋಡಿ ಅನ್ನ ಕೊಬ್ಬಾಗುವುದಿಲ್ಲ. ಆದರೆ ತಡವಾದಷ್ಟೂ ಹಸಿವು ಜಾಸ್ತಿ, ದಣಿವು ಜಾಸ್ತಿ, ಕೈಗೆ ಸಿಕ್ಕಿದ್ದು ತಿನ್ನುವುದೂ ಜಾಸ್ತಿ. ಬೆಂಗಳೂರಿನ ಟ್ರಾಫಿಕ್ ದಾಟಿ ಒಂಬತ್ತೂವರೆಗೆ ಮನೆ ಸೇರುವವರಿಗೆ ಏಳಕ್ಕೆ ಊಟ ಮಾಡಿ ಅಂತ ಹೇಳುವುದು ಸುಮ್ನೆ ಮಾತಾಗುತ್ತದೆ. ಅವರು ಆರೂವರೆಗೆ ಆಫೀಸಿನಲ್ಲೇ ಮೊಳಕೆಕಾಳು ಅಥವಾ ಎರಡು ಬೇಯಿಸಿದ ಮೊಟ್ಟೆ ತಿಂದು, ಮನೆಯಲ್ಲಿ ಹಗುರವಾಗಿ ಊಟ ಮಾಡಲಿ.

ಇದಕ್ಕಿಂತ ದೊಡ್ಡ ತೊಂದರೆ ನಿದ್ರೆಯದ್ದು. ನಿದ್ರೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನು ಇಳಿಯುತ್ತದೆ. ಮಾರನೇ ದಿನ ಸಿಹಿ, ಕರಿದದ್ದೇ ಬೇಕೆನಿಸುತ್ತದೆ. ದೊಡ್ಡವರಿಗೆ ಏಳು ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೆರಡರ ತನಕ ಹಾಸಿಗೆಯಲ್ಲಿ ಫೋನು ನೋಡಿ, ಐದಕ್ಕೆ ಎದ್ದು ಜಿಮ್ಮಿಗೆ ಹೋಗುವುದು ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಕೆಡವಿದ ಹಾಗೆ.

ವಾರವೆಲ್ಲ ಕಟ್ಟುನಿಟ್ಟು. ಶನಿವಾರ ಭಾನುವಾರ ಮಾತ್ರ ಸ್ವಲ್ಪ ಸಡಿಲ.

ಲೆಕ್ಕ ಹಾಕೋಣ. ಐದು ದಿನ ದಿನಕ್ಕೆ 300 ಕ್ಯಾಲೊರಿ ಉಳಿಸಿದರೆ 1500. ಎರಡು ದಿನ ದಿನಕ್ಕೆ 750 ಜಾಸ್ತಿ ತಿಂದರೆ ಅಷ್ಟೂ ಹೋಯಿತು. ಒಂದು ಬಿರಿಯಾನಿ, ಒಂದು ತಂಪು ಪಾನೀಯ, ರಾತ್ರಿ ಐಸ್‌ಕ್ರೀಮು ಇದ್ದರೆ 750 ದೊಡ್ಡ ಅಂಕಿಯಲ್ಲ. ಕುಡಿಯುವವರಿಗೆ ಇನ್ನೂ ಒಂದು ಮಾತು: 60 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 140 ಕ್ಯಾಲೊರಿ, ಜೊತೆಗೆ ಬರುವ ಕಬಾಬು, ಶೇಂಗಾ ಮಸಾಲದ್ದು ಅದಕ್ಕಿಂತ ಜಾಸ್ತಿ.

ಎಳನೀರು, ಕಬ್ಬಿನ ಹಾಲು, ಹಣ್ಣಿನ ಜ್ಯೂಸು?

ಎಳನೀರು ಪರವಾಗಿಲ್ಲ, ದಿನಕ್ಕೊಂದು. ಕಬ್ಬಿನ ಹಾಲು ಒಂದು ದೊಡ್ಡ ಲೋಟಕ್ಕೆ ಇಡೀ ದಿನದ ಸಕ್ಕರೆ ಮುಗಿಯುತ್ತದೆ. ಜ್ಯೂಸಿನ ಬದಲು ಹಣ್ಣನ್ನೇ ತಿನ್ನಿ.

ನಿನ್ನೆಗಿಂತ ಇವತ್ತು ಒಂದು ಕೆಜಿ ಜಾಸ್ತಿ ತೋರಿಸುತ್ತಿದೆ. ಹೇಗೆ ಸಾಧ್ಯ?

ಅದು ಕೊಬ್ಬಲ್ಲ, ನೀರು. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ, ಮಲಬದ್ಧತೆ ಇದ್ದರೆ, ಮುಟ್ಟು ಹತ್ತಿರ ಬಂದರೆ ಒಂದೆರಡು ಕೆಜಿ ಆಚೀಚೆ ಆಗುತ್ತದೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ವಾರಕ್ಕೆ ಒಂದು ಸಲ ನೋಡಿದರೆ ಸಾಕು. ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ಬರೆದಿಡಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ತೂಕ ನಿಂತಲ್ಲೇ ನಿಂತು ಸೊಂಟ ಎರಡು ಸೆಂ.ಮೀ. ಇಳಿದಿದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.

ನನಗೆ ಥೈರಾಯ್ಡ್ ಇದೆ. ಅದಕ್ಕೇ ಇಳಿಯುತ್ತಿಲ್ಲ ಅಲ್ವಾ?

ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಸಾಮಾನ್ಯವಾಗಿ ಎರಡರಿಂದ ಐದು ಕೆಜಿ ಏರಬಹುದು, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಹಾಗಾಗಿ ಇಪ್ಪತ್ತು ಕೆಜಿಗೆ ಅದೊಂದೇ ಕಾರಣ ಆಗಲಾರದು. ಆದರೆ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತೀರಾ ನೋಡಿ. ಎಷ್ಟೋ ಜನ ಬೆಳಿಗ್ಗೆ ಕಾಫಿ ಜೊತೆಗೇ ನುಂಗುತ್ತಾರೆ. ಕಾಫಿ ಇದ್ದರೆ ಮಾತ್ರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ.

ಪಿಸಿಒಡಿ (ಅಂಡಾಶಯ, ಹಾರ್ಮೋನಿನ ಏರುಪೇರಿನ ತೊಂದರೆ) ಇರುವವರು, ಸ್ಟೀರಾಯ್ಡ್, ಇನ್ಸುಲಿನ್ ಅಥವಾ ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ತೂಕ ಇಳಿಯುವುದು ನಿಜವಾಗಿಯೂ ಕಷ್ಟ. ಅವರು ತಮ್ಮನ್ನು ತಾವು ಬೈದುಕೊಳ್ಳಬಾರದು, ಮಾತ್ರೆಯನ್ನು ತಾವೇ ನಿಲ್ಲಿಸಲೂಬಾರದು. 2025ರಿಂದ ನಮ್ಮಲ್ಲೂ ಸಿಗುತ್ತಿರುವ ಟಿರ್ಜೆಪಟೈಡ್‌ನಂಥ ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆ ಡಾಕ್ಟರ ಹತ್ತಿರ ಕೂತು ಮಾತಾಡಿ. ಪರಿಚಯದವರ ಮೂಲಕ ತರಿಸಿಕೊಳ್ಳಬೇಡಿ. ಏನೂ ಪ್ರಯತ್ನ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಖುಷಿಪಡದೆ ಬೇಗ ತೋರಿಸಿಕೊಳ್ಳಿ.

ನೆಂಟರ ಮನೆಯಲ್ಲಿ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಮೊದಲ ಸಲ ಸ್ವಲ್ಪವೇ ಹಾಕಿಸಿಕೊಳ್ಳಿ. ಆಗ ಎರಡನೇ ಸಲ ಹಾಕಿಸಿಕೊಂಡು ಅವರ ಮನಸ್ಸನ್ನೂ ತೃಪ್ತಿಪಡಿಸಬಹುದು. ಹೋಳಿಗೆ ಊಟ ಇದ್ದ ದಿನ ಒಂದು ಹೋಳಿಗೆಯನ್ನು ತುಪ್ಪ ಹಾಕಿಕೊಂಡು ಸಂತೋಷವಾಗಿ ತಿನ್ನಿ, ಅನ್ನ ಕಡಿಮೆ ಮಾಡಿ. ಹಬ್ಬ ವರ್ಷಕ್ಕೆ ಕೆಲವೇ ದಿನ. ಹಬ್ಬದ ಮರುದಿನದಿಂದ ವಾರವಿಡೀ ಡಬ್ಬಿಯಲ್ಲಿ ಉಳಿಯುವ ಉಂಡೆ ಚಕ್ಕುಲಿಯನ್ನು ಮಾತ್ರ ಅಕ್ಕಪಕ್ಕದವರಿಗೆ ಹಂಚಿಬಿಡಿ.

ಮನೆಯಲ್ಲಿ ಅತ್ತೆ ಮಾವ, ಗಂಡ, ಮಕ್ಕಳು. ನನಗೊಬ್ಬಳಿಗೇ ಬೇರೆ ಅಡುಗೆ ಹೇಗೆ ಮಾಡಲಿ?

ಮಾಡಬೇಡಿ. ಬೇರೆ ಅಡುಗೆ ಅಂದರೆ ಹದಿನೈದು ದಿನಕ್ಕೆ ಸಾಕಾಗಿ ನಿಂತುಹೋಗುತ್ತದೆ. ಅದೇ ಸಾರು, ಅದೇ ಪಲ್ಯ ಇರಲಿ, ಪಲ್ಯವನ್ನು ಮಾತ್ರ ಎರಡರಷ್ಟು ಮಾಡಿ. ಬಡಿಸುವಾಗ ನಿಮ್ಮ ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ ಹಾಕಿಕೊಂಡು ಅದನ್ನು ಅರ್ಧ ತಿಂದ ಮೇಲೆ ಅನ್ನಕ್ಕೆ ಕೈ ಹಾಕಿ. ಎಣ್ಣೆ ಡಬ್ಬದ ವಿಷಯವನ್ನು ಅತ್ತೆಯವರಿಗೆ ಬಿಡಿಸಿ ಹೇಳಿ, ಅವರ ಬಿಪಿಗೂ ಮಾವನ ಸಕ್ಕರೆಗೂ ಅದು ಒಳ್ಳೆಯದೇ. ಸಾಸಿವೆ ಸಿಡಿಸುವ ಸಣ್ಣ ಸೌಟಿನ ಪಕ್ಕದಲ್ಲೇ ಆ ಟೀ ಚಮಚವನ್ನೂ ಮೊಳೆಗೆ ತೂಗುಹಾಕಿ, ಯಾರು ಅಡುಗೆಗೆ ನಿಂತರೂ ಕೈಗೆ ಸಿಗಲಿ.